ಬಾಲಮೆಣಸು

ಬಸ್ಸು ಬಿಡಬೇಕಾದಾಗ ಅವರು ಸೀಟಿ ಊದುತ್ತಿರಲಿಲ್ಲ. ಬಾಗಿಲಿನ ಪಕ್ಕದ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದರು. ಬಡಿಯುವ ಮುಂಚೆ ಬಗ್ಗಿ ಮೆಟ್ಟಿಲು ನೋಡುವರು, ಮೆಟ್ಟಿಲ ಕೆಳಗಿನ ನೆಲವನ್ನೂ ನೋಡುವರು. ಇಳಿದವರು ರಸ್ತೆಯ ಅಂಚು ಮುಟ್ಟುವ ತನಕ ಅವರ ಕೈ ಏಳುತ್ತಿರಲಿಲ್ಲ. ಇಂಡಿಯಿಂದ ಝಳಕಿಗೆ ದಿನಾ ಓಡಾಡುತ್ತಿದ್ದ ನಮಗೆಲ್ಲ ಇದು ರೂಢಿಯಾಗಿತ್ತು.

"ಏನ್ ಕಳಕೊಂಡೀರಿ ಕಂಡಕ್ಟರ್ ಸಾಹೇಬ್ರ, ದಿನಾ ಹುಡುಕ್ತೀರಲ್ಲ?" ಎಂದು ಹಾಲಿನ ಕ್ಯಾನಿನವನೊಬ್ಬ ಕೇಳುತ್ತಿದ್ದ. ಬಸ್ಸಿನಲ್ಲಿದ್ದವರು ನಗುತ್ತಿದ್ದರು. ಅವರು ಮಾತ್ರ "ಮುಂದ ಸರೀರಿ, ಮುಂದ ಸರೀರಿ" ಎನ್ನುತ್ತ ಟಿಕೇಟು ಕೊಡಲು ಹೋಗುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಬಂದವರು ಅವರ ಹಳೆಯ ಸಹೋದ್ಯೋಗಿಗಳು, ಓಣಿಯವರು. "ಭಾಳ ಜ್ವಾಕಿ ಮನಷ್ಯಾ. ಇಡೀ ಸರ್ವಿಸ್ಸಿನ್ಯಾಗ ಒಂದು ಕಂಪ್ಲೇಂಟಿಲ್ಲ" ಎಂದು ಒಬ್ಬರು ಹೇಳಿದರು. ಉಳಿದವರು ಹೌದೆಂದರು. ನಾನು ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ಆ ಮಾತು ಸುಳ್ಳೆಂದು ತೀರಿಕೊಂಡವರೇ ತಾವು ಬದುಕಿದ್ದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಯಾರೂ ನಂಬಿರಲಿಲ್ಲ, ಅಷ್ಟೆ.

ನನ್ನದು ಮುದ್ದೇಬಿಹಾಳ. ಝಳಕಿಯ ಹೈಸ್ಕೂಲಿಗೆ ಟೀಚರಾಗಿ ಬಂದಾಗ ಇಂಡಿಯಲ್ಲಿ ಅವರ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ನಡುವೆ ಒಂದೇ ಅಂಗಳ, ಒಂದೇ ನಲ್ಲಿ. ಅವರನ್ನು ಕಾಕಾ ಎಂದು, ಅವರ ಹೆಂಡತಿ ಕಾಶೀಬಾಯಿಯನ್ನು ಚಿಗವ್ವ ಎಂದು ಕರೆಯತೊಡಗಿದೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಹೇಳುವ ಹಾಗೆ ಅವರಿಬ್ಬರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಕಾಕಾ ಮನೆಯಲ್ಲೂ ಕುಳಿತಿದ್ದು ಕಡಿಮೆ. ಬಾಗಿಲ ಚೌಕಟ್ಟಿಗೆ ಒಂದು ಭುಜ ಆನಿಸಿ, ಒಂದು ಕಾಲು ಸ್ವಲ್ಪ ಮುಂದಿಟ್ಟು, ನೆಲ ಅಲುಗಾಡುತ್ತಿದೆಯೇನೋ ಎಂಬಂತೆ ನಿಂತಿರುತ್ತಿದ್ದರು. ಚಹಾ ಕುಡಿಯುವುದೂ ಹಾಗೆಯೇ. ಕೈಗೆ ಸಿಕ್ಕ ಕಾಗದವನ್ನೆಲ್ಲ ಸಣ್ಣಗೆ ಉದ್ದಕ್ಕೆ ಮಡಚಿ ವಾಚಿನ ಪಟ್ಟಿಯ ಕೆಳಗೆ ಸಿಗಿಸಿಕೊಳ್ಳುವರು. ಕರೆಂಟ್ ಬಿಲ್ಲು, ಮದುವೆಯ ಆಮಂತ್ರಣ, ಔಷಧದ ಚೀಟಿ, ಎಲ್ಲಕ್ಕೂ ಅದೇ ಜಾಗ. ಮನೆಗೆ ಯಾರಾದರೂ ಬಂದು ಬಹಳ ಹೊತ್ತು ಏಳದಿದ್ದರೆ ಚಿಗವ್ವನ ಕಿವಿಯಲ್ಲಿ "ಇವ್ರು ಎಲ್ಲಿ ಇಳಿಯಾವ್ರು?" ಎಂದು ಕೇಳುವರು. ಅದೊಂದೇ ಅವರ ತಮಾಷೆ.

ಊಟ ಮಾತ್ರ ಕುಳಿತೇ ಮಾಡುತ್ತಿದ್ದರು, ನಿಧಾನವಾಗಿ. ರೊಟ್ಟಿ, ಪಲ್ಯ, ಮೊಸರು ಏನಿದ್ದರೂ ತಾಟಿನ ಅಂಚಿಗೆ ಲಿಂಬಿಕಾಯಿ ಉಪ್ಪಿನಕಾಯಿ ಬೇಕೇ ಬೇಕು. ಇಂಡಿಯ ಸುತ್ತ ಲಿಂಬಿಯ ತೋಟಗಳಿಗೆ ಬರವಿಲ್ಲ, ಮನೆಮನೆಯಲ್ಲೂ ಉಪ್ಪಿನಕಾಯಿ ಇರುತ್ತದೆ. ಆದರೆ ಚಿಗವ್ವ ಹಾಕುತ್ತಿದ್ದುದು ಬೇರೆ. ಉಳಿದವರು ಮಸಾಲೆಯನ್ನು ಹುರಿದು, ಕುಟ್ಟಿ, ಕೆಂಪು ಖಾರದೊಡನೆ ಕಲಸುತ್ತಾರೆ. ಇವರ ಭರಣಿಯಲ್ಲಿ ಮಸಾಲೆ ಇಡಿಯಾಗಿಯೇ ಇರುತ್ತಿತ್ತು. ಲಿಂಬಿ ಹೋಳಿನ ಒಂದು ಪದರ, ಉಪ್ಪು, ಮೇಲೆ ಒಂದು ಹಿಡಿ ಇಡೀ ಕಾಳುಗಳು, ಮತ್ತೆ ಲಿಂಬಿ. ಬಾಯಿಗೆ ಬಿಳಿ ಅರಿವೆ ಕಟ್ಟಿ ಮಾಳಿಗೆಯ ಬಿಸಿಲಿಗೆ ಇಡುವರು. ಮಳೆಗಾಲದ ಹೊತ್ತಿಗೆ ಹೋಳುಗಳು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿದ್ದವು, ಕಾಳುಗಳು ಹುಳಿ ಕುಡಿದು ಉಬ್ಬಿರುತ್ತಿದ್ದವು.

"ಪುಡಿ ಮಾಡಿದ್ರ ಎಲ್ಲಾ ತುತ್ತಿಗೂ ಒಂದ ರುಚಿ ಅಕ್ಕಾರ," ಎಂದು ಚಿಗವ್ವ ನನಗೆ ಹೇಳಿದ್ದರು. "ಇಡೀ ಇದ್ರ ಒಮ್ಮೆ ಮೆಂತೆ ಸಿಗ್ತೈತಿ, ಒಮ್ಮೆ ಲವಂಗ. ಉಣ್ಣಾವ್ರಿಗೆ ಬ್ಯಾಸರ ಆಗೂದಿಲ್ಲ."

"ಮಸಾಲಿ ಎಲ್ಲಿಂದ ತರ್ತೀರಿ?" ಎಂದು ಕೇಳಿದ್ದಕ್ಕೆ "ಸಿಂದಗಿ ಪ್ಯಾಟ್ಯಾಗ" ಎಂದಿದ್ದರು. ಸಿಂದಗಿಯಲ್ಲಿ ಅವರ ಅಕ್ಕ ಇದ್ದಳು. ಪ್ರತಿ ಬೇಸಿಗೆಗೆ ಚಿಗವ್ವ ಅಕ್ಕನಿಗೆಂದು ಒಂದು ಕೈಚೀಲದ ತುಂಬ ಲಿಂಬಿಕಾಯಿ ಒಯ್ದು, ಸಂಜೆಗೆ ಅರಿವೆಯಲ್ಲಿ ಕಟ್ಟಿದ ಮಸಾಲೆಯ ಗಂಟು ತರುತ್ತಿದ್ದರು. ಅದು ಬೆರೆಸಿದ್ದೇ ಬರುತ್ತಿತ್ತು.

ಕಾಕಾ ನಿವೃತ್ತರಾದ ಮೇಲೆ ಬಹಳ ದಿನ ಅವರಿಬ್ಬರೂ ಕೂಡಿ ಇರಲಿಲ್ಲ. ಒಂದು ಚಳಿಗಾಲ ಚಿಗವ್ವನಿಗೆ ಜ್ವರ ಬಂತು, ಎದೆಗಿಳಿಯಿತು, ವಿಜಯಪುರದ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಕಾಕಾ ತಾವೇ ಅಡಿಗೆ ಕಲಿತರು. ರೊಟ್ಟಿ ಬಡಿಯಲು ಬರಲಿಲ್ಲ, ಓಣಿಯಲ್ಲಿ ಮಾಡಿ ಮಾರುವವರ ಹತ್ತಿರ ತರುತ್ತಿದ್ದರು. ಅನ್ನ, ಬೇಳೆ ತಮ್ಮ ಕೈಯಿಂದಲೇ. ಉಪ್ಪಿನಕಾಯಿ ಮಾತ್ರ ಚಿಗವ್ವ ಹಾಕಿಟ್ಟದ್ದು. ಭರಣಿ ಅರ್ಧಕ್ಕಿಂತ ಕಡಿಮೆಯಿತ್ತು. ದಿನಕ್ಕೊಂದು ಹೋಳಿನಿಂದ ಅರ್ಧ ಹೋಳಿಗೆ ಇಳಿದರು, ಆಮೇಲೆ ಬರೀ ರಸಕ್ಕೆ ಇಳಿದರು.

ಒಂದು ರವಿವಾರ ಬೆಳಿಗ್ಗೆ ನಾನು ನೀರಿಗೆ ಹೋದಾಗ ಅವರು ಅಂಗಳದ ಬಿಸಿಲಿನಲ್ಲಿ ಸ್ಟೀಲಿನ ತಾಟು ಮುಂದಿಟ್ಟುಕೊಂಡು ಕುಳಿತಿದ್ದರು. ಕೈಯಲ್ಲಿ ಹೊಲಿಗೆಯ ಸೂಜಿ. ಭರಣಿಯ ತಳದ ಮಸಾಲೆಯನ್ನು ತೆಗೆದು, ನೀರಿನಲ್ಲಿ ತೊಳೆದು, ಸೂಜಿಯ ತುದಿಯಿಂದ ಕಾಳುಗಳನ್ನು ಬೇರೆಬೇರೆ ಗುಂಪು ಮಾಡುತ್ತಿದ್ದರು.

"ಏನ್ರಿ ಕಾಕಾ ಇದು?"

"ಮುಂದಿನ ಬ್ಯಾಸಗಿಗೆ ನಾನ ಹಾಕ್ತೇನಿ ಅಕ್ಕಾರ. ಏನೇನು ಐತಿ ತಿಳಕೋಬೇಕಲ್ಲ. ಕುಟ್ಟಿದ್ರ ಯಾ ದೇವರಿಗೂ ತಿಳೀತಿರ್ಲಿಲ್ಲ. ಇಡೀ ಹಾಕಿ ಉಪಕಾರ ಮಾಡ್ಯಾಳ."

ನಾನೂ ಕುಳಿತೆ. ಸಾಸಿವೆ, ಮೆಂತೆ, ಜೀರಿಗೆ, ಬಡೇಸೋಪು, ಅಜವಾನ, ಲವಂಗ, ದಾಲ್ಚಿನ್ನಿಯ ಚೂರು. ಎಲ್ಲವನ್ನೂ ಗುರುತು ಹಿಡಿದೆವು. ಕೊನೆಗೆ ಒಂದು ಗುಂಪು ಉಳಿಯಿತು. ಮೊದಲು ನೋಡಿದಾಗ ಕರಿಮೆಣಸೇ ಅನಿಸಿತು. ಆದರೆ ಪ್ರತಿಯೊಂದು ಕಾಳಿಗೂ ಸಣ್ಣ ಬಾಲವಿತ್ತು. ಕಾಕಾ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದರು, ಕಣ್ಣು ಮುಚ್ಚಿದರು. "ಇದಽ," ಎಂದರು. "ಉಂಡ ಮ್ಯಾಲೆ ನಾಲಿಗಿ ತಣ್ಣಗಾಗ್ತಿತ್ತಲ್ಲ, ಅದು ಇದ್ರದ್ದು."

ಬಾಲದ ಕಾಳುಗಳನ್ನು ಒಣಗಿಸಿ, ಒಂದು ಕಾಗದದಲ್ಲಿ ಸುತ್ತಿ ವಾಚಿನ ಪಟ್ಟಿಗೆ ಸಿಗಿಸಿಕೊಂಡು ಅವರು ಹೊರಟರು. ಇಂಡಿಯ ಕಿರಾಣಿ ಅಂಗಡಿಗಳಲ್ಲಿ "ಮೆಣಸು ರೀ ಇದು, ತೊಟ್ಟು ಹಂಗ ಉಳದೈತಿ" ಎಂದರಂತೆ. ಝಳಕಿಯ ದೊಡ್ಡ ಅಂಗಡಿಯಲ್ಲಿ ನಾನೇ ತೋರಿಸಿದೆ, ಅವರಿಗೂ ತಿಳಿಯಲಿಲ್ಲ. ಕಾಕಾ ಸಿಂದಗಿಗೆ ಹೋದರು. ಪೇಟೆಯೆಲ್ಲ ತಿರುಗಿ, ಸಿಗದೆ, ಕಡೆಗೆ ಚಿಗವ್ವನ ಅಕ್ಕನ ಮನೆಗೆ ಹೋಗಿ ಕೇಳಿದರು.

ಆ ಸಂಜೆ ಅವರು ತಿರುಗಿ ಬಂದಾಗ ಮುಖ ನೋಡಿದರೆ ಆರಾಮಿಲ್ಲದವರ ಹಾಗಿತ್ತು. ಚೌಕಟ್ಟಿಗೆ ಭುಜ ಆನಿಸದೆ ನೇರ ಹೊರಸಿನ ಮೇಲೆ ಕುಳಿತರು.

"ಆಕಿ ಅಕ್ಕನ ಮನ್ಯಾಗ ಚಾ ಕುಡದು ಆಲಮೇಲ ಬಸ್ಸು ಹತ್ತತಿದ್ಲಂತ. ಲಿಂಬಿಕಾಯಿ ಚೀಲ ಹಂಗಽ ಹಿಡಕೊಂಡು. ಪ್ರತಿ ವರ್ಸ. ನಿಮಗ ಗೊತ್ತಿಲ್ಲೇನು ಅಂತ ನನ್ನ ಕೇಳಿದ್ರು."

"ಆಲಮೇಲದಾಗ ಯಾರದಾರ?"

"ಯಾರೂ ಇಲ್ಲ," ಎಂದರು. ವಾಚಿನ ಕೆಳಗಿನ ಕಾಗದ ಸರಿಪಡಿಸಿಕೊಳ್ಳುತ್ತ, "ಯಾರರೆ ಇದ್ರೂ ಇದ್ದಾರು," ಎಂದರು.

ಎಷ್ಟೋ ವಾರ ಆ ಮಾತು ಎತ್ತಲಿಲ್ಲ. ಕಾಗದದ ಸುರುಳಿ ವಾಚಿನ ಕೆಳಗೆ ಹಾಗೆಯೇ ಇತ್ತು, ಬೆವರಿಗೆ ಮೆತ್ತಗಾಗಿ ಬದಲಿಸಿದ್ದೂ ನೋಡಿದೆ. ಬೇಸಿಗೆ ಬಂತು. ಒಂದು ದಿನ ಒಂದು ಚೀಲ ಲಿಂಬಿಕಾಯಿ ತಂದಿಟ್ಟುಕೊಂಡು ನನ್ನ ಬಾಗಿಲಿಗೆ ಬಂದರು. "ರವಿವಾರ ನನ್ನ ಕೂಡ ಆಲಮೇಲಕ್ಕ ಬರ್ತೀರೇನು ಅಕ್ಕಾರ? ಒಬ್ನ ಹೋಗಾಕ ಕಾಲು ಏಳವಲ್ವು."

ಬಸ್ಸಿನಲ್ಲಿ ಅವರು ಕೊನೆಯ ಸೀಟಿನಲ್ಲಿ, ಬಾಗಿಲ ಹತ್ತಿರ ಕುಳಿತರು. ಪ್ರತಿ ನಿಲ್ದಾಣದಲ್ಲೂ ಅವರ ಕತ್ತು ಬಾಗಿಲ ಕಡೆ ಬಾಗುತ್ತಿತ್ತು. ಹುಡುಗ ಕಂಡಕ್ಟರು ಸೀಟಿ ಊದಿದಾಗಲೆಲ್ಲ ಅವರು ಮುಂದಿನ ಸೀಟಿನ ಕಂಬಿ ಹಿಡಿಯುತ್ತಿದ್ದರು. ಸಿಂದಗಿಯಲ್ಲಿ ಬಸ್ಸು ಬದಲಿಸಿದೆವು. ಆಲಮೇಲದ ದಾರಿಯಲ್ಲಿ ಎರಡೂ ಕಡೆ ಕಬ್ಬು ಎದೆಮಟ್ಟ ನಿಂತಿತ್ತು.

ಬಸ್ ನಿಲ್ದಾಣದ ಹಿಂದೆ ಊದುಬತ್ತಿ, ಲೋಬಾನ, ಗಿಡಮೂಲಿಕೆ ಮಾರುವ ಹಳೆಯ ಅಂಗಡಿಯಿತ್ತು. ಅಲ್ಲಿಯ ಮುದುಕರು ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ಉಗುರಿನಿಂದ ಬಾಲ ಮುಟ್ಟಿದರು.

"ಬಾಲಮೆಣಸು. ನಮ್ಮ ಮಂದಿ ಕಬಾಬಚೀನಿ ಅಂತಾರ. ಗಂಟಲ ಬ್ಯಾನಿಗೆ ಒಯ್ತಾರ್ರಿ. ಉಪ್ಪಿನಕಾಯಿಗಂತ ಒಯ್ಯಾಕಿ ಇಡೀ ಊರಾಗ ಒಬ್ಬಾಕೀನ. ಡ್ರೈವರ್ ಲಾಲಸಾಬನ ಹೆಂಡ್ತಿ, ಜೈತುನಬಿ. ಆತ ಹೋಗಿ ಭಾಳ ವರ್ಸ ಆತು, ಪಾಪ. ಆಕಿ ಅದಾಳ. ಅಲ್ಲೇ ಮಸೂತಿ ಹಿಂದಿನ ಓಣಿ."

ಕಾಕಾ ಅಂಗಡಿಯ ಹಲಗೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಮೆಲ್ಲಗೆ ಹೊರಗೆ ಬಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಲಿಂಬಿಕಾಯಿಯ ಚೀಲ ಕಾಲ ನಡುವೆ ಇಟ್ಟುಕೊಂಡರು. ಅಲ್ಲಿ, ಕುದಿಯುವ ಚಹಾದ ಎದುರು, ನಾನು ಇಂಡಿಗೆ ಬರುವ ಎಷ್ಟೋ ಮುಂಚಿನ ಮಾತನ್ನು ನನಗೆ ಹೇಳಿದರು.

ಲಾಲಸಾಬ ಮತ್ತು ಅವರು ಒಂದೇ ಬಸ್ಸಿನಲ್ಲಿ ಜೋಡಿಯಾಗಿದ್ದವರು. ಅವನು ಡ್ರೈವರು, ಇವರು ಕಂಡಕ್ಟರು. ಇಂಡಿಯಲ್ಲಿ ಇಬ್ಬರ ಮನೆಯೂ ಅಕ್ಕಪಕ್ಕ. ರಂಜಾನಿನ ಸುರಕುಂಬಾ ಪಾಯಸ ಇತ್ತ ಬರುತ್ತಿತ್ತು, ಸಂಕ್ರಾಂತಿಯ ಮಾದಲಿ ಅತ್ತ ಹೋಗುತ್ತಿತ್ತು. ಜೈತುನಬಿ ಮತ್ತು ಚಿಗವ್ವ ಹೊತ್ತಿಲ್ಲದ ಹೊತ್ತಿನಲ್ಲೂ ಕೂಡಿಯೇ ಇರುತ್ತಿದ್ದರು. ಆಗ ಇವರಿಗೆ ಬಸವನ ಬಾಗೇವಾಡಿ ಕಡೆಯ ಪಾಳಿ. ಒಂದು ಸಂತೆಯ ದಿನ ಬಸ್ಸು ಕಿಕ್ಕಿರಿದಿತ್ತು. ಆ ದಾರಿಯ ಮಸೂತಿ ಎಂಬ ಊರಿನ ಹತ್ತಿರ ಮುದುಕರೊಬ್ಬರು ಜೋಳದ ಗಂಟು ಹೊತ್ತು ಇಳಿಯುತ್ತಿದ್ದರು. ಕಾಕಾ ಬಸ್ಸಿನ ನಡುವೆ ಯಾರದೋ ಟಿಕೇಟು ಹರಿಯುತ್ತ, ಬಾಗಿಲ ಕಡೆ ನೋಡದೆ, ಸೀಟಿ ಊದಿದರು. ಬಸ್ಸು ಹೊರಟಿತು. ಮುದುಕರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಹಿಂದಿನ ಗಾಲಿಗೆ ಸಿಕ್ಕರು.

"ವಿಚಾರಣಿ ಆತು ಅಕ್ಕಾರ. ಸೀಟಿ ಊದಿದ್ದೇನು ಅಂತ ಕೇಳಿದ್ರು. ಇಲ್ಲ ಅಂದೆ. ಲಾಲಸಾಬ ನನ್ನ ಮುಖಾ ನೋಡ್ದ. ನಾ ನೆಲಾ ನೋಡ್ದೆ. ಪ್ಯಾಸೆಂಜರ್ ಒಳಗ ಅರ್ಧಾ ಮಂದಿ ಕೇಳ್ತು ಅಂದ್ರು, ಅರ್ಧಾ ಮಂದಿ ಇಲ್ಲ ಅಂದ್ರು. ಸಂತಿ ಗದ್ಲ. ಆತನ ಕಿವಿ ತಪಾಸ ಮಾಡಿಸಿದ್ರು. ಒಂದು ಕಿವಿ ಸ್ವಲ್ಪ ಮಂದ ಐತಿ ಅಂತ ಬಂತು. ಆತು. ಕಿವುಡ ಡ್ರೈವರ್ ಅಂತ ಮನಿಗೆ ಕಳಿಸಿದ್ರು."

"ಸೀಟಿ..."

"ನಾನ ಊದಿದ್ದೆ," ಎಂದರು. "ಇದನ್ನ ಹೆಂಡ್ತಿಗೂ ಹೇಳಿದ್ದಿಲ್ಲ."

ಲಾಲಸಾಬ ಮನೆ ಖಾಲಿ ಮಾಡಿಕೊಂಡು ತನ್ನೂರು ಆಲಮೇಲಕ್ಕೆ ಹೋದ ದಿನ ಕಾಕಾ ಬೇಕೆಂದೇ ಡ್ಯೂಟಿ ಹಾಕಿಸಿಕೊಂಡು ಊರಲ್ಲಿರಲಿಲ್ಲ. ಆಮೇಲೆ ಚಿಗವ್ವನಿಗೆ, ಅವರ ಸುದ್ದಿ ಈ ಮನೆಯಲ್ಲಿ ಬ್ಯಾಡ ಎಂದುಬಿಟ್ಟಿದ್ದರು. ಚಿಗವ್ವ ಮತ್ತೆಂದೂ ಆ ಹೆಸರು ತೆಗೆಯಲಿಲ್ಲ. ಕೆಲವು ವರ್ಷಗಳಿಗೆ ಲಾಲಸಾಬ ತೀರಿಕೊಂಡನೆಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದಾಗ, ಕಾಕಾ ಮನೆಗೆ ಬಂದು ಅದನ್ನೂ ಹೇಳಲಿಲ್ಲ. ಆ ದಿನವೂ ಚಿಗವ್ವ ಮುಂದಿಟ್ಟ ತಾಟಿನಲ್ಲಿ ಆ ಮನೆಯ ಮಸಾಲೆ ಇತ್ತು.

"ವಾಪಸ್ ಹೋಗೂಣೇನು ಕಾಕಾ?" ಎಂದು ಕೇಳಿದೆ. ನನಗೇ ಅಂಜಿಕೆಯಾಗಿತ್ತು.

ಅವರು ಚೀಲ ಎತ್ತಿಕೊಂಡರು.

ಎರಡು ಕೋಣೆಯ ಮನೆ, ಬಾಗಿಲಿಗೆ ಹಸಿರು ಬಣ್ಣ. ಜೈತುನಬಿ ಹೊಸ್ತಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ತೆಳ್ಳಗಿನ ಹೆಂಗಸು, ಸೆರಗು ಕಿವಿಯ ಹಿಂದೆ ಸಿಗಿಸಿದ್ದಳು. ತಲೆ ಎತ್ತಿ ಕಾಕಾನನ್ನು ನೋಡಿದಳು. ಕೈ ನಿಂತಿತು.

"ಭಾಬಿ," ಎಂದರು ಕಾಕಾ.

"ಕಾಶಿ ಎಲ್ಲಿ?" ಎಂದಳು. "ಈ ಸಲ ಬರ್ಲಿಲ್ಲ."

ಅವಳಿಗೆ ತಿಳಿದಿರಲಿಲ್ಲ. ಹೇಳಬೇಕಾದವರು ಯಾರೂ ಇರಲಿಲ್ಲ. ನಾನೇ ಹೇಳಿದೆ. ಅವಳು ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ನಾವು ಬಾಗಿಲಲ್ಲೇ ನಿಂತೆವು. ಒಳಗಿನಿಂದ ಅಳು ಕೇಳಲಿಲ್ಲ, ಪಾತ್ರೆಯ ಸದ್ದೂ ಕೇಳಲಿಲ್ಲ. ಬಹಳ ಹೊತ್ತಿಗೆ "ಒಳಗ ಬರ್ರಿ" ಎಂದಳು. ಮುಖ ತೊಳೆದುಕೊಂಡಿದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು. ಮುಂಚೆ ಅವಳು ಕಾಕಾನನ್ನು ಅಣ್ಣಾ ಎನ್ನುತ್ತಿದ್ದಳೆಂದು ಅವರೇ ಹೇಳಿದ್ದರು. ಆ ದಿನ ಯಾವ ಹೆಸರಿನಿಂದಲೂ ಕರೆಯಲಿಲ್ಲ.

"ಆಕಿ ಪ್ರತಿ ಬ್ಯಾಸಗಿಗೆ ಬರ್ತಿದ್ಲೇನು?" ಕಾಕಾ ಕೇಳಿದರು.

"ನಾವು ಊರು ಬಿಟ್ಟ ವರ್ಸದಿಂದ. ಲಿಂಬಿಕಾಯಿ ತರ್ತಿದ್ಲು, ನಾ ಮಸಾಲಿ ಕಟ್ಟಿ ಇಟ್ಟಿರ್ತಿದ್ದೆ. ನಮ್ಮವ್ವನ ಮನಿ ಮಸಾಲಿ ಅದು. ಇಂಡ್ಯಾಗ ಇದ್ದಾಗಿಂದ ಆಕಿ ನನ್ನ ಕಡೇನ ಒಯ್ತಿದ್ಲು."

"ನಾವು ಮಾಡಿದ್ದಕ್ಕ, ನೀವು ನಮ್ಮ ಮನಿಗೆ..."

"ನಾ ಕೊಟ್ಟಿದ್ದು ಕಾಶೀಗಿ," ಎಂದಳು ಜೈತುನಬಿ. "ನಿಮಗಲ್ಲ."

ದನಿ ಏರಿಸದೆ ಹೇಳಿದಳು. ಕಾಕಾ ತಲೆ ಆಡಿಸಿದರು. ಮತ್ತೆ ಅವಳೇ ಮಾತು ಮುಂದುವರಿಸಿದಳು, ಎಷ್ಟೋ ವರ್ಷ ಯಾರೂ ಕೇಳದೆ ಇದ್ದ ಮಾತಿನಂತೆ ಅದು ಬಂತು.

"ನಮ್ಮನಿಯವ್ರು ಮೊದಮೊದಲು ಸೀಟಿ ಕೇಳೀನಿ ಅಂತಿದ್ರು. ಎಲ್ಲಾರೂ ಕಿವುಡ ಕಿವುಡ ಅಂದು ಅಂದು, ಅವ್ರಿಗೇ ಸಂಶಯ ಹತ್ತಿತು. ಕೇಳೀನೋ, ಕೇಳಿದಂಗ ಆತೋ, ಅಂತ ನನ್ನ ಕೇಳಾವ್ರು. ನಾ ಏನ್ ಹೇಳ್ಲಿ, ನಾ ಆ ಬಸ್ಸಿನ್ಯಾಗ ಇದ್ನೇನು? ಆಮ್ಯಾಲ ಒಂದು ಚಟಾ ಹತ್ತಿತ್ತು. ಗ್ವಾಡಿ ಕಡೆ ಮುಖಾ ಮಾಡಿ ಕುಂದರಾವ್ರು. ಹಿಂದ ಆ ಮೂಲ್ಯಾಗ ನಾ ತಾಟು ಹಿಡಕೊಂಡು ನಿಂದರ್ಬೇಕು. ಮೆಣಸಿನ ಕಾಳು ಬಿಡು ಅಂತಿದ್ರು. ಬಿಡ್ತಿದ್ದೆ. ಕೇಳ್ತು ಅಂತಿದ್ರು. ಜೀರಿಗಿ ಬಿಡು. ಕೇಳ್ತು. ಸಾಸಿವಿ ಬಿಡು. ಒಂದ ಒಂದು ಸಾಸಿವಿ ರೀ ಅಕ್ಕಾರ," ಎಂದು ನನ್ನ ಕಡೆ ತಿರುಗಿದಳು, "ತಾಟಿಗೆ ಬಿದ್ರ ನನಗ ಸರಿಯಾಗಿ ಕೇಳ್ತಿದ್ದಿಲ್ಲ. ಅವ್ರು ಕೇಳ್ತು ಅಂತಿದ್ರು. ಒಮ್ಮೊಮ್ಮೆ ನಾ ಬಿಡದನ ನಿಂತಿರ್ತಿದ್ದೆ. ಯಾಕ ಬಿಡವಲ್ಲಿ ಅಂತ ಕೇಳಾವ್ರು. ಸಾಯೂತನಾ ಹಂಗ ಮಾಡಿದ್ರು. ಸಾಸಿವಿ ಕೇಳೂ ಕಿವಿಗೆ ಸೀಟಿ ಸುಳ್ಳ ಹೆಂಗ ಕೇಳೀತು ಅಂತ, ಅದೊಂದ ಮಾತು."

ನಾನು ಆ ಮೂಲೆಯನ್ನು ನೋಡಿದೆ. ಅಲ್ಲಿ ನೀರಿನ ಕೊಡ ಇತ್ತು. ಆ ಗೋಡೆಯ ಕಡೆ ಮುಖ ಮಾಡಿ ಕುಳಿತ ಮನುಷ್ಯನ ಬೆನ್ನು ನನಗೆ ಕಾಣುತ್ತಿದೆ ಅನಿಸಿತು. ಇವತ್ತಿಗೂ ಒಗ್ಗರಣೆಗೆ ಸಾಸಿವೆ ಹಾಕುವಾಗ ಒಂದು ಕಾಳು ಕಟ್ಟೆಯ ಮೇಲೆ ಬಿದ್ದರೆ ನನ್ನ ಕೈ ತಡೆಯುತ್ತದೆ.

"ಭಾಬಿ," ಎಂದರು ಕಾಕಾ. "ಸೀಟಿ ಆಗಿತ್ತು. ನಾ ಊದಿದ್ದೆ. ಬಾಗಲಾ ನೋಡಲಾರ್ದ ಊದಿದ್ದೆ. ನೌಕರಿ ಹೋಗ್ತೈತಿ ಅಂತ ಸುಳ್ಳ ಹೇಳ್ದೆ."

ಜೈತುನಬಿ ಸಿಟ್ಟಾಗುತ್ತಾಳೆಂದು ನಾನು ಕಾದೆ. ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.

"ಹಂಗಾದ್ರ ಅವ್ರು ಕೇಳಿದ್ದು ಖರೇ," ಎಂದಳು.

"ಖರೇ."

"ಕಾಶೀಗಿ ಗೊತ್ತಿತ್ತು," ಎಂದಳು ಆಮೇಲೆ. "ನೀವು ಹೇಳಿರ್ಲಿಕ್ಕಿಲ್ಲ. ಆದ್ರೂ ಗೊತ್ತಿತ್ತು. ಇವ್ರು ಹೋದ ಮ್ಯಾಲೆ ಒಂದ ಸಲ, ಇಲ್ಲೇ ಕೂತು, ‘ನಮ್ಮನಿಯವ್ರು ಸೀಟಿ ಊದೂದ ಬಿಟ್ಟಾರ, ತಗಡು ಬಡೀತಾರ’ ಅಂದ್ಲು. ಅಷ್ಟ ಅಂದ್ಲು. ನಾ ಲಿಂಬಿಕಾಯಿ ಒರಸಾಕತ್ತಿದ್ದೆ. ಕತ್ತು ಎತ್ತಲಿಲ್ಲ."

"ಹಂಗಂದ್ರ ನಿಮಗೂ ತಿಳದಿತ್ತು."

"ತಿಳಿಯೂದು ಬ್ಯಾರೆ. ಊದಿದಾವ್ರ ಬಾಯಿಲೆ ಕೇಳೂದು ಬ್ಯಾರೆ." ಅವಳು ಎದ್ದಳು. "ನನಗ ಹೇಳಿದ್ದು ಆತು. ಅಲ್ಲಿ ಹೋಗಿ ಹೇಳ್ರಿ."

ಕಬರಸ್ತಾನ ಊರ ಹೊರಗೆ, ಕಬ್ಬಿನ ಗದ್ದೆಗೆ ಹೊಂದಿಕೊಂಡು ಇತ್ತು. ಜೈತುನಬಿ ಗೇಟಿನ ತನಕ ಬಂದು, ಒಳಗೆ ಬರದೆ, ಕೈಯಿಂದ ಜಾಗ ತೋರಿಸಿದಳು. ಬೇವಿನ ಗಿಡದ ಆಚೆ, ಎರಡನೆಯದು. ಕಾಕಾ ಚಪ್ಪಲಿ ಬಿಟ್ಟರು.

"ಜೋರಾಗಿ ಹೇಳೂದು ಬ್ಯಾಡ್ರಿ," ಎಂದಳು ಅವಳು ಹಿಂದಿನಿಂದ. "ಅವ್ರಿಗೆ ಕೇಳ್ತೈತಿ."

ನಾವಿಬ್ಬರೂ ಗೇಟಿನ ಹತ್ತಿರ ನಿಂತೆವು. ಕಾಕಾ ಅಲ್ಲಿ ಮೊಣಕಾಲೂರಿ ಕುಳಿತದ್ದು ಕಂಡಿತು. ತುಟಿ ಆಡಿದ್ದು ನಮಗೆ ಕಾಣಲಿಲ್ಲ, ಅವರ ಬೆನ್ನು ಇತ್ತ ಕಡೆ ಇತ್ತು. ಎದ್ದು ಬರುವಾಗ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳಲೂ ಅವರಿಗೆ ನೆನಪಾಗಿರಲಿಲ್ಲ. ಜೈತುನಬಿ ಅವರ ಮುಖವನ್ನು ನೋಡಿ, ಮನೆಯ ಕಡೆ ನಡೆದಳು. ಲಿಂಬಿಕಾಯಿಯ ಚೀಲ ಅವಳ ಹೊಸ್ತಿಲಲ್ಲೇ ಉಳಿಯಿತು. ಮಸಾಲೆ ಅವಳು ಕೊಡಲಿಲ್ಲ, ನಾವು ಕೇಳಲಿಲ್ಲ.

ಆಮೇಲೆ ಒಂದೊಂದಾಗಿ ಕಾಕಾ ಎಲ್ಲ ಕಡೆ ಹೋಗಿಬಂದರು. ಮಸೂತಿ ಊರಿಗೆ ಹೋಗಿ ಸತ್ತ ಮುದುಕರ ಮನೆ ಹುಡುಕಿದರು. ಅಲ್ಲಿ ಮೊಮ್ಮಗ ಇದ್ದನಂತೆ. "ನಾ ಆವಾಗ ಸಣ್ಣಾವ ಇದ್ದೆ ರೀ, ಈಗ್ಯಾಕ ಅದೆಲ್ಲಾ" ಎಂದು ಚಹಾ ಕೊಟ್ಟು, ಬಸ್ಸಿನ ತನಕ ಬಿಟ್ಟುಹೋದನಂತೆ. ಡಿಪೋದಲ್ಲಿ ಎಲ್ಲರೂ ಹೊಸಬರು, ಆ ಪ್ರಕರಣ ಯಾರಿಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹಳೆಯ ಗೆಳೆಯರಿಗೆ ಹೇಳಿದಾಗ ಅವರು ಕಾಕಾನ ಬೆನ್ನು ಸವರಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಹೆಂಡ್ತಿ ಹೋದ ಮ್ಯಾಲೆ ತಲಿ ಕೆಟ್ಟೈತಿ. ಸ್ವಲ್ಪ ಲಕ್ಷ್ಯ ಇಡ್ರಿ ಅಕ್ಕಾರ" ಎಂದರು. ಇಲ್ಲ, ಅವರು ಹೇಳುವುದು ಖರೇ ಎಂದು ನಾನು ಹೇಳಿದೆ. ಅವರು ನನ್ನನ್ನೂ ಕನಿಕರದಿಂದ ನೋಡಿದರು.

ಒಂದು ಸಂಜೆ ಕಾಕಾ ಅದನ್ನೇ ಹೇಳಿಕೊಂಡರು. "ಸುಳ್ಳ ಹೇಳಿದಾಗ ಎಲ್ಲಾರೂ ನಂಬಿದ್ರು. ಖರೇ ಹೇಳಿದ್ರ ಒಬ್ರೂ ನಂಬವಲ್ರು. ಆಕಿ ಒಬ್ಬಾಕಿ ನಂಬಿದ್ಲು ನೋಡ್ರಿ."

ಮರು ಬೇಸಿಗೆಗೆ ಅವರು ಮತ್ತೆ ಲಿಂಬಿಕಾಯಿ ಒಯ್ದರು, ಒಬ್ಬರೇ. ಅದರ ಮರು ಬೇಸಿಗೆಗೂ. ತೋಟಕ್ಕೆ ತಾವೇ ಹೋಗಿ, ಕಲೆಯಿಲ್ಲದ ಹಣ್ಣು ಆರಿಸಿ ತರುತ್ತಿದ್ದರು. ಜೈತುನಬಿ ಬಾಗಿಲಲ್ಲಿ ಚೀಲ ಇಸಿದುಕೊಂಡು, ಲಿಂಬಿಕಾಯಿ ಒಳಗೆ ಸುರುವಿಕೊಂಡು, ಖಾಲಿ ಚೀಲ ತಿರುಗಿ ಕೊಡುತ್ತಿದ್ದಳಂತೆ. ಒಂದು ಚರಿಗೆ ನೀರು ಕೊಡುತ್ತಿದ್ದಳಂತೆ. ಒಳಗೆ ಕರೆಯುತ್ತಿರಲಿಲ್ಲ. ಅವರು ನೀರು ಕುಡಿದು ಮುಂದಿನ ಬಸ್ಸಿಗೆ ಬಂದುಬಿಡುತ್ತಿದ್ದರು. ಖಾಲಿ ಚೀಲ ಉದ್ದಕ್ಕೆ ಮಡಚಿ ಕಂಕುಳಲ್ಲಿ ಇರುತ್ತಿತ್ತು.

ಮನೆಯಲ್ಲಿ ಅವರು ತಮಗೊಂದು ಸಣ್ಣ ಭರಣಿ ಹಾಕಿಕೊಂಡರು. ಬರೀ ಲಿಂಬಿ, ಬರೀ ಉಪ್ಪು. ನನಗೆ ನೋಡಲಾಗಲಿಲ್ಲ. "ಮಸಾಲಿ ಏನೇನು ಅಂತ ಈಗ ಗೊತ್ತಾಗೇತಿ. ಬಾಲಮೆಣಸು ಎಲ್ಲಿ ಸಿಗ್ತೈತಿ ಅಂತಾನೂ ಗೊತ್ತೈತಿ. ತಂದು ಹಾಕಬಾರ್ದೇನ್ರಿ ಕಾಕಾ?" ಎಂದೆ.

"ಹಾಕಬಾರ್ದು ಅಕ್ಕಾರ. ಕೊಟ್ರ ಹಾಕಬೇಕು."

"ಕೊಡದಿದ್ರ?"

"ಕೊಡದಿದ್ರ ಕೊಡೂದು ಬ್ಯಾಡ," ಎಂದು ಉಪ್ಪಿನ ಹೋಳನ್ನು ರೊಟ್ಟಿಯೊಳಗೆ ಸುತ್ತಿಕೊಂಡರು. ಮುಖದಲ್ಲಿ ಬೇಸರವಿರಲಿಲ್ಲ. ಅವರು ಅಷ್ಟು ಸಮಾಧಾನದಿಂದ ಉಂಡದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಈ ವರ್ಷ ಲಿಂಬಿಯ ಸುಗ್ಗಿ ಬರುವ ಮುಂಚೆಯೇ ಅವರು ಹಾಸಿಗೆ ಹಿಡಿದರು. ಹೆಚ್ಚು ದಿನ ನರಳಲಿಲ್ಲ.

ಮಣ್ಣಾದ ಮೇಲಿನ ರವಿವಾರ ನಾನು ಆಲಮೇಲಕ್ಕೆ ಹೋದೆ. ಈ ಸಲವೂ ಹೇಳುವವರು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಜೈತುನಬಿ ಬಾಗಿಲಲ್ಲಿ ನನ್ನೊಬ್ಬಳನ್ನೇ ನೋಡಿದ ಕೂಡಲೇ ತಿಳಿದುಕೊಂಡಳು. ಒಳಗೆ ಕರೆದು ಚಾಪೆ ಹಾಸಿದಳು. ಕಡೆಗೆ ಏನಾದರೂ ಹೇಳಿದರೇನು ಎಂದು ಕೇಳಿದಳು. ಇಲ್ಲವೆಂದೆ. ತ್ರಾಸಾಯಿತೇನು ಎಂದಳು. ಅಷ್ಟೇನಿಲ್ಲವೆಂದೆ.

ಅವಳು ಎದ್ದು, ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದು ಮುಚ್ಚಳ ತೆರೆದಳು. ಕೋಣೆಯ ತುಂಬ ಲವಂಗ, ಸೋಪು, ದಾಲ್ಚಿನ್ನಿಯ ವಾಸನೆ ಎದ್ದಿತು. ಒಳಗೆ, ಅವಳ ಗಂಡನ ಖಾಕಿ ಅಂಗಿಯ ಮೇಲೆ, ಬಿಳಿ ಅರಿವೆಯ ಗಂಟುಗಳಿದ್ದವು. ಒಂದಕ್ಕಿಂತ ಒಂದು ಹಳೆಯವು, ಬಾಯಿಗೆ ದಾರ ಸುತ್ತಿದ್ದವು.

"ಅವ್ರು ಲಿಂಬಿಕಾಯಿ ತಂದ ವರ್ಸೆಲ್ಲಾ ಕಟ್ಟೀನಿ," ಎಂದಳು. "ಬಾಗಲಕ್ಕ ಬಂದು ನಿಂತಾಗ ಒಳಗ ಬಂದು ಇದನ್ನ ತಗೀತಿದ್ದೆ, ಕೈಯಾಗ ಹಿಡಕೋತಿದ್ದೆ. ಕೊಡಾಕ ಕೈ ಏಳ್ತಿದ್ದಿಲ್ಲ ಅಕ್ಕಾರ. ಮುಂದಿನ ವರ್ಸ ಕೊಡೂಣು, ಮುಂದಿನ ವರ್ಸ ಕೊಡೂಣು ಅಂತ ಮತ್ತ ಇಡ್ತಿದ್ದೆ."

ಒಂದು ಗಂಟನ್ನು ಎತ್ತಿ ಮೂಗಿಗೆ ಹಿಡಿದಳು, ನನಗೂ ಹಿಡಿದಳು.

"ಕುಟ್ಟಿದ್ದಿಲ್ಲಲ್ಲ," ಎಂದಳು, "ಏನೂ ಆಗಿಲ್ಲ. ಇನ್ನೂ ಹಂಗಽ ಐತಿ."

ಗಂಟನ್ನು ಖಾಕಿ ಅಂಗಿಯ ಮೇಲೆ ಇಟ್ಟು ಟ್ರಂಕು ಮುಚ್ಚಿದಳು. ಚಿಲಕ ಹಾಕಲು ಹೋದವಳು ಹಾಕದೆ, ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ಹಾಗೆಯೇ ಕುಳಿತುಕೊಂಡಳು.